ಒಗ್ಗರಣೆ ಡಬ್ಬಿ ಮುಚ್ಚಿಡಿ, ಘಾನಾದ ವಾಚೆ ಮಾಡೋಣ

ಅಲಸಂದೆ ಕಾಳು, ಅಕ್ಕಿ, ಉಪ್ಪು, ನೀರು, ಒಣಗಿದ ಜೋಳದ ಎಲೆ, ಚಿಟಿಕೆ ಸೋಡಾ. ಮುಗೀತು. ಘಾನಾದಲ್ಲಿ ಬೆಳ್ಳಂಬೆಳಿಗ್ಗೆ ಜನ ಸಾಲು ನಿಂತು ಕಟ್ಟಿಸಿಕೊಂಡು ಹೋಗುವ ವಾಚೆ ಅನ್ನೋ ಅನ್ನಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೀಳುವುದಿಲ್ಲ. ಸಾಸಿವೆ ಇಲ್ಲ, ಕರಿಬೇವು ಇಲ್ಲ, ಮಸಾಲೆ ಪುಡಿ ಅಂತೂ ಇಲ್ಲವೇ ಇಲ್ಲ. ನಮ್ಮವರಿಗೆ ಈ ಅಡುಗೆಯಲ್ಲಿ ಕಷ್ಟ ಅನ್ನಿಸುವುದು ಇದೊಂದೇ. ಕುಕ್ಕರಿನಲ್ಲಿ ಕಾಳು ಬೇಯುತ್ತಿದ್ದ ಹಾಗೆ ಕೈ ತಾನಾಗಿ ಒಗ್ಗರಣೆ ಡಬ್ಬಿ ಕಡೆ ಹೋಗುತ್ತದೆ. ತಡೆಯಿರಿ. ಖಾರ, ಹುಳಿ, ಎಣ್ಣೆ, ಮೀನಿನ ಘಮ ಎಲ್ಲಾ ಪಕ್ಕದಲ್ಲಿ ಬಡಿಸುವ ಸಾರಿನಲ್ಲಿ, ಕಪ್ಪು ಖಾರದಲ್ಲಿ ಬರುತ್ತದೆ. ಅನ್ನ ಸಪ್ಪೆಯಾಗಿಯೇ ಇರಬೇಕು, ಕಾಳಿನ ರುಚಿ ಗೊತ್ತಾಗಬೇಕು. ಅನ್ನಕ್ಕೂ ಮಸಾಲೆ ಹಾಕಿದರೆ ತಟ್ಟೆಯಲ್ಲಿ ಇರುವ ಏಳೆಂಟು ಪದಾರ್ಥ ಒಂದಕ್ಕೊಂದು ಜಗಳ ಆಡುತ್ತವೆ.

ಇದು ಘಾನಾದ ಉತ್ತರದ ಕಡೆಯ ಅಡುಗೆ. ಹೌಸಾ ಮಾತಾಡುವವರು ಅಕ್ಕಿ-ಕಾಳಿನ ಅನ್ನಕ್ಕೆ ಶಿಂಕಾಫಾ ದ ವಾಕೆ ಅನ್ನುತ್ತಾರೆ, ಅದು ಸವೆದು ವಾಚೆ ಆಗಿದೆ. ವ್ಯಾಪಾರಕ್ಕೆ ಅಂತ ದಕ್ಷಿಣದ ಊರುಗಳಿಗೆ ಬಂದು ನೆಲೆಸಿದ ಮುಸ್ಲಿಂ ಸಮುದಾಯಗಳ ಬಡಾವಣೆಗಳಿಗೆ ಅಲ್ಲಿ ಜೊಂಗೊ ಅಂತಾರೆ. ಆಕ್ರಾದ ನಿಮಾ ಅಂಥದ್ದೇ ಒಂದು. ಅಂಥ ಕಡೆಯಿಂದ ಶುರುವಾಗಿ, ಅಲ್ಲಿನ ಹೆಂಗಸರ ಕೈಯಲ್ಲಿ ಬೆಳೆದು, ಈಗ ಇಡೀ ದೇಶದ ಬೆಳಗಿನ ತಿಂಡಿ ಆಗಿಬಿಟ್ಟಿದೆ. ಗಡಿ ದಾಟಿ ಟೋಗೊಗೆ ಹೋದರೆ ಇದಕ್ಕೆ ಆಯಿಮೊಲು ಅನ್ನುತ್ತಾರೆ, ಬೆನಿನ್‌ನಲ್ಲಿ ಅಟಾಸಿ. ಗುಲಾಮರಾಗಿ ಹಡಗು ಹತ್ತಿದವರ ಜೊತೆ ಅಕ್ಕಿ-ಅಲಸಂದೆಯ ಈ ಜೋಡಿ ಅಮೆರಿಕಕ್ಕೂ ಹೋಯಿತು. ದಕ್ಷಿಣ ಕೆರೊಲಿನಾ ಕಡೆ ಹೊಸ ವರ್ಷದ ದಿನ ತಿನ್ನುವ ಹಾಪಿನ್ ಜಾನ್ ಇದೇ ಬಳಗದ್ದು.

ಸಾಮಾನು

ನಾಲ್ಕು ಜನ ಹೊಟ್ಟೆ ತುಂಬಾ ತಿನ್ನುವಷ್ಟಕ್ಕೆ ಅಲಸಂದೆ 1 ಲೋಟ (200 ಗ್ರಾಂ), ಅಕ್ಕಿ 2 ಲೋಟ (400 ಗ್ರಾಂ), ಜೋಳದ ಎಲೆ 6ರಿಂದ 8, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ರುಚಿಗೆ. ಕಾಳು ಒಂದು ಪಾಲು, ಅಕ್ಕಿ ಎರಡು ಪಾಲು. ಈ ಲೆಕ್ಕ ನೆನಪಿದ್ದರೆ ಎಷ್ಟು ಜನಕ್ಕೆ ಬೇಕಾದರೂ ಮಾಡಬಹುದು.

ಅಲಸಂದೆ ಅಂದರೆ ಬಿಳಿ ಕಾಳಿಗೆ ಕಪ್ಪು ಕಣ್ಣು ಇರುತ್ತದಲ್ಲ, ಅದೇ. ದಿನಸಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಹಳೇ ಕಾಳು ಮಾತ್ರ ಬೇಡ, ಅದು ಎಷ್ಟು ಬೇಯಿಸಿದರೂ ಮಧ್ಯದಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಅಂದಹಾಗೆ ಅಲಸಂದೆಯೂ ಜೋಳವೂ ಹುಟ್ಟಿದ್ದು ಆಫ್ರಿಕಾದಲ್ಲಿ, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಕಡೆ ಬಂದವು. ಹಾಗಾಗಿ ಈ ಅಡುಗೆಯಲ್ಲಿ ನಮಗೆ ಹೊಸದು ಅನ್ನುವುದು ಕಾಳಲ್ಲ, ಅದನ್ನು ಬೇಯಿಸುವ ರೀತಿ.

ಅಕ್ಕಿ ವಿಷಯಕ್ಕೆ ಬಂದರೆ, ಘಾನಾದಲ್ಲಿ ಜಾಸ್ತಿ ಬಳಸುವುದು ಥಾಯ್ಲೆಂಡ್, ವಿಯೆಟ್ನಾಂ ಕಡೆಯಿಂದ ಬರುವ ಸುವಾಸನೆಯ ಉದ್ದ ಅಕ್ಕಿ. ಇಲ್ಲಿ ಸೋನಾ ಮಸೂರಿ ಸ್ಟೀಮ್ ಅಕ್ಕಿ ಸಾಕು, ಆದರೆ ಹಳೇ ಅಕ್ಕಿಯಾಗಿರಲಿ. ಹೊಸ ಅಕ್ಕಿ ಹಾಕಿದರೆ ಅಂಟಂಟಾಗುತ್ತದೆ. ಬಾಸುಮತಿ ಬೇಡ ಅಂತಲೇ ಹೇಳುತ್ತೇನೆ. ಅದರ ವಾಸನೆ ಜೋಳದ ಎಲೆಯ ವಾಸನೆಯನ್ನು ನುಂಗಿಬಿಡುತ್ತದೆ, ಉದುರುದುರಾಗಿ ನಿಲ್ಲುವ ಅದರ ಗುಣವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಾಚೆ ಮೆತ್ತಗಿರಬೇಕು, ಕೈಯಲ್ಲಿ ಕಲಸಿದರೆ ತುತ್ತು ನಿಲ್ಲಬೇಕು.

ಇನ್ನು ಎಲೆ. ಇದೇ ಈ ಅಡುಗೆಯ ಜೀವ. ಒಂದು ಜಾತಿಯ ಜೋಳದಲ್ಲಿ ದಂಟನ್ನು ಸುತ್ತಿಕೊಂಡಿರುವ ಎಲೆಯ ಬುಡ ಇರುತ್ತದಲ್ಲ, ಅದು ಒಣಗಿದಾಗ ಕಡು ಕೆಂಪು, ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನೇ ಕಟ್ಟು ಕಟ್ಟಿ ಮಾರುತ್ತಾರೆ. ಮುಟ್ಟಿದರೆ ಒಣ ಕಾಗದದ ಹಾಗೆ ಸದ್ದು ಮಾಡುತ್ತದೆ, ಒದ್ದೆ ಬೆರಳಲ್ಲಿ ಹಿಡಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಬೆನಿನ್‌ನಲ್ಲಿ ಇದೇ ಎಲೆಯ ನೀರಿನಿಂದ ವಗಾಶಿ ಅನ್ನೋ ಚೀಸನ್ನೂ ಕೆಂಪು ಮಾಡುತ್ತಾರೆ. ಲಂಡನ್ನು, ಟೊರಾಂಟೊ, ನ್ಯೂಯಾರ್ಕ್ ಕಡೆ ಇರುವ ಕನ್ನಡಿಗರಿಗೆ ಆಫ್ರಿಕನ್ ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ವಿಜಯಪುರ, ಕಲಬುರಗಿ ಕಡೆ ಹೊಲದ ತುಂಬಾ ಜೋಳ ಇದೆಯಲ್ಲ, ಅದರ ಎಲೆಯನ್ನೇ ಕಿತ್ತು ಹಾಕಿದರೆ ಆಗಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ದಯವಿಟ್ಟು ಬೇಡ. ಎಳೇ ಜೋಳದ ಗಿಡದಲ್ಲಿ ವಿಷ ಹುಟ್ಟಿಸುವ ಅಂಶ ಇರುತ್ತದೆ, ಅದನ್ನು ಮೇಯ್ದ ದನ ಸಾಯುತ್ತವೆ ಅನ್ನುವುದು ಜೋಳ ಬೆಳೆಯುವ ಯಾವ ರೈತರನ್ನು ಕೇಳಿದರೂ ಗೊತ್ತಿರುತ್ತದೆ. ಜೊತೆಗೆ ಏನು ಔಷಧಿ ಹೊಡೆದಿರುತ್ತಾರೋ ನಮಗೆ ತಿಳಿಯದು. ಅಡುಗೆಗೆ ಅಂತಲೇ ಬೆಳೆದು, ಬಲಿತ ಮೇಲೆ ಒಣಗಿಸಿ ಮಾರುವ ಎಲೆ ಸಿಕ್ಕಿದರೆ ಮಾತ್ರ ಬಳಸಿ.

ಸಿಗಲಿಲ್ಲ ಅಂದರೆ? ಬಿಳಿ ಅಲಸಂದೆಯ ಬದಲು ಕೆಂಪು ಅಲಸಂದೆ ತನ್ನಿ. ಹಳೇ ಮೈಸೂರು ಕಡೆ ತಡಗುಣಿ ಅಂತ ಸಿಗುವ ಚಿಕ್ಕ ಕಾಳೂ ಆಗುತ್ತದೆ. ಅದರ ಸಿಪ್ಪೆಯ ಬಣ್ಣವೇ ನೀರಿಗೆ ಇಳಿಯುತ್ತದೆ, ಸೋಡಾ ಬಿದ್ದ ಮೇಲೆ ಇನ್ನೂ ಗಾಢವಾಗುತ್ತದೆ. ಕಡು ಕೆಂಪು ಬರುವುದಿಲ್ಲ, ಕಂದು ಬಣ್ಣ ಬರುತ್ತದೆ. ಎಲೆಯ ಆ ಮಣ್ಣಿನಂಥ, ಒಣಹುಲ್ಲಿನಂಥ ಪರಿಮಳವೂ ಇರುವುದಿಲ್ಲ. ಆದರೂ ತಿನ್ನಲು ಚೆನ್ನಾಗಿಯೇ ಇರುತ್ತದೆ. ಬೀಟ್‌ರೂಟ್ ತುರಿದು ಹಾಕುವುದು, ಕೆಂಪು ಬಣ್ಣದ ಪುಡಿ ಹಾಕುವುದು, ಇವೆಲ್ಲಾ ಬೇಡವೇ ಬೇಡ. ಬೀಟ್‌ರೂಟಿನ ಬಣ್ಣ ಸೋಡಾ ಜೊತೆ ಕುದ್ದರೆ ಹೋಗಿಬಿಡುತ್ತದೆ, ಸಿಹಿ ಮಾತ್ರ ಉಳಿಯುತ್ತದೆ.

ಅನ್ನ ಮಾಡುವುದು

ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ. ಮರೆತಿದ್ದರೆ ಬಿಸಿ ನೀರಿನಲ್ಲಿ ಎರಡು ಗಂಟೆ ನೆನೆಸಿದರೂ ನಡೆಯುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆಯಿರಿ.

ಎಲೆಗಳನ್ನೂ ತೊಳೆಯಿರಿ. ಧೂಳು, ಸಣ್ಣ ಸಣ್ಣ ನಾರು ಇರುತ್ತದೆ. ಉದ್ದ ಇದ್ದರೆ ಮುರಿದು ನಾಲ್ಕಿಂಚು ತುಂಡು ಮಾಡಿ, ಒಂದು ದಾರದಲ್ಲಿ ಕಟ್ಟಿಬಿಡಿ. ಆಮೇಲೆ ತೆಗೆಯುವಾಗ ಸುಲಭ, ಇಲ್ಲದಿದ್ದರೆ ಅನ್ನದಲ್ಲಿ ನಾರು ಹುಡುಕುತ್ತಾ ಕೂರಬೇಕಾಗುತ್ತದೆ.

ದಪ್ಪ ತಳದ ದೊಡ್ಡ ಪಾತ್ರೆ ತೆಗೆದುಕೊಳ್ಳಿ. ಎಂಟು ಲೋಟ ನೀರು, ಕಾಳು, ಎಲೆಕಟ್ಟು ಹಾಕಿ ದೊಡ್ಡ ಉರಿಯಲ್ಲಿಡಿ. ಐದು ನಿಮಿಷದಲ್ಲೇ ನೀರು ಗುಲಾಬಿಯಾಗುತ್ತದೆ, ಆಮೇಲೆ ಇಟ್ಟಿಗೆ ಬಣ್ಣ, ಕುದಿ ಹತ್ತಿ ಹದಿನೈದು ನಿಮಿಷ ಆಗುವಷ್ಟರಲ್ಲಿ ಕಡು ಕೆಂಪು. ಈಗ ಸೋಡಾ ಹಾಕಿ. ಹಾಕಿದ ತಕ್ಷಣ ನೊರೆ ಉಕ್ಕಿ ಬರುತ್ತದೆ, ಪಾತ್ರೆ ತುಂಬಿದ್ದರೆ ಒಲೆಯ ಮೇಲೆಲ್ಲಾ ಚೆಲ್ಲುತ್ತದೆ, ಹಾಗಾಗಿ ಉರಿ ಸಣ್ಣ ಮಾಡಿ, ಮುಚ್ಚಳ ಓರೆಯಾಗಿಡಿ. ನೀರಿನ ಬಣ್ಣ ನಿಮ್ಮ ಕಣ್ಣೆದುರೇ ಒಂದು ಸುತ್ತು ಕಪ್ಪಾಗುತ್ತದೆ.

ಸೋಡಾ ಬಗ್ಗೆ ಎರಡು ಮಾತು. ಅಲ್ಲಿ ಹಾಕುವುದು ಕನ್ವಾ ಅನ್ನೋ ಖನಿಜ, ಚಾಡ್ ಸರೋವರದ ಸುತ್ತಮುತ್ತ ಸಿಗುವ ಸವಳಿನ ಗಡ್ಡೆ. ಅದು ಕ್ಷಾರ, ಅಡುಗೆ ಸೋಡಾನೂ ಕ್ಷಾರವೇ. ಕ್ಷಾರ ಬಿದ್ದರೆ ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಟ್ಟಿರುವ ಅಂಟು ಸಡಿಲವಾಗುತ್ತದೆ, ಬೇಗ ಬೇಯುತ್ತದೆ, ಎಲೆಯ ಬಣ್ಣವೂ ಚೆನ್ನಾಗಿ ಬಿಡುತ್ತದೆ. ಆದರೆ ಕಾಲು ಚಮಚ ಅಂದರೆ ಕಾಲು ಚಮಚ. ಜಾಸ್ತಿ ಆದರೆ ಅನ್ನಕ್ಕೆ ಸೋಪಿನ ರುಚಿ ಬರುತ್ತದೆ, ಕಾಳಿನಲ್ಲಿರುವ ಬಿ1 ವಿಟಮಿನ್ನೂ ಹಾಳಾಗುತ್ತದೆ. ರಕ್ತದೊತ್ತಡ ಇರುವವರು ಸೋಡಾ ಬಿಟ್ಟೇಬಿಡಬಹುದು. ಸ್ವಲ್ಪ ಹೊತ್ತು ಜಾಸ್ತಿ ಬೇಯಿಸಬೇಕು, ಅಷ್ಟೇ.

ನೆನೆದ ಕಾಳಾದರೆ ಕುದಿ ಬಂದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಹದ ನೋಡುವುದು ಹೀಗೆ. ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಒತ್ತಿ. ಹಿಸುಕಿದರೆ ಮೆತ್ತಗಾಗಬೇಕು, ಆದರೆ ಒಳಗೆ ಸಣ್ಣದಾಗಿ ಗಟ್ಟಿ ಇರಬೇಕು, ಸಿಪ್ಪೆ ಒಡೆದಿರಬಾರದು. ಅಕ್ಕಿ ಜೊತೆ ಇನ್ನೂ ಇಪ್ಪತ್ತು ನಿಮಿಷ ಬೇಯುವುದು ಬಾಕಿ ಇದೆ ಅಲ್ವಾ, ಅದಕ್ಕೇ. ಇಲ್ಲೇ ಪೂರ್ತಿ ಬೇಯಿಸಿದರೆ ಆಮೇಲೆ ಕಾಳು ಕಾಣುವುದೇ ಇಲ್ಲ.

ಕುಕ್ಕರಿನಲ್ಲಿ ಮಾಡಬಹುದಾ? ಕಾಳಿನ ತನಕ ಮಾಡಬಹುದು. ನೆನೆದ ಕಾಳು, ಎಲೆ, ಅರ್ಧ ಕುಕ್ಕರಿಗಿಂತ ಕಡಿಮೆ ನೀರು, ಒಂದೇ ವಿಷಲ್. ಸೋಡಾ ಮಾತ್ರ ಕುಕ್ಕರಿಗೆ ಹಾಕಬೇಡಿ, ನೊರೆ ಬಂದು ವಿಷಲ್ ತೂತು ಕಟ್ಟಿಕೊಳ್ಳುತ್ತದೆ. ಪ್ರೆಶರ್ ಇಳಿದ ಮೇಲೆ ತೆರೆದು ಹಾಕಿ, ಐದು ನಿಮಿಷ ಕುದಿಸಿ. ಅಕ್ಕಿಯನ್ನೂ ಸೇರಿಸಿ ಮೂರು ವಿಷಲ್ ಕೂಗಿಸುತ್ತೇನೆ ಅಂದರೆ ಕಾಳು ಒಡೆದು, ಅನ್ನಕ್ಕೆಲ್ಲಾ ಮೆತ್ತಿಕೊಂಡು, ಎಲ್ಲಾ ಒಂದೇ ಮುದ್ದೆಯಾಗುತ್ತದೆ. ತಿನ್ನಬಹುದು. ವಾಚೆ ಅನ್ನಲಾಗುವುದಿಲ್ಲ.

ಈಗ ಎಲೆಕಟ್ಟು ತೆಗೆದು ಬಿಸಾಡಿ. ಕಾಳಿನ ನೀರನ್ನು ಒಂದು ಪಾತ್ರೆಗೆ ಬಸಿದು ಅಳೆಯಿರಿ. ಘಾನಾದ ಹೆಂಗಸರು ಇದನ್ನು ಕಣ್ಣಳತೆಯಲ್ಲೇ ಮಾಡುತ್ತಾರೆ, ನಾವು ಅಳೆಯೋಣ, ಏಕೆಂದರೆ ಅರ್ಧಕ್ಕರ್ಧ ಜನರ ವಾಚೆ ಕೆಡುವುದು ಇಲ್ಲೇ. ಎರಡು ಲೋಟ ಸೋನಾ ಮಸೂರಿಗೆ ಆ ಕೆಂಪು ನೀರು ನಾಲ್ಕು ಲೋಟ ಬೇಕು, ಥಾಯ್ ಅಕ್ಕಿಯಾದರೆ ಮೂರು ಲೋಟ ಸಾಕು. ಕಡಿಮೆ ಇದ್ದರೆ ಬಿಸಿ ನೀರು ಸೇರಿಸಿ. ಜಾಸ್ತಿ ಇದ್ದರೆ ಮಿಕ್ಕಿದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ, ಚೆಲ್ಲಬೇಡಿ, ಕೊನೆಗೆ ಅನ್ನ ಒಣಗಿದಂತೆ ಕಂಡರೆ ಅದನ್ನೇ ಚಿಮುಕಿಸಬಹುದು.

ನೀರು, ಕಾಳು ಮತ್ತೆ ಅದೇ ಪಾತ್ರೆಗೆ. ಉಪ್ಪು ಹಾಕಿ ಕುದಿಸಿ. ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು ಸೋರಿಸಿ ಹಾಕಿ, ಒಂದೇ ಒಂದು ಸಲ ತಳದಿಂದ ತಿರುಗಿಸಿ. ಆಮೇಲೆ ಸೌಟು ಮುಟ್ಟಬೇಡಿ. ಮಧ್ಯಮ ಉರಿಯಲ್ಲಿ ನೀರು ಇಂಗಿ, ಅನ್ನದ ಮೇಲೆ ಸಣ್ಣ ಸಣ್ಣ ತೂತು ಕಾಣಿಸಿಕೊಳ್ಳುತ್ತದೆ. ಆಗ ಉರಿ ಪೂರ್ತಿ ಸಣ್ಣ ಮಾಡಿ, ಅನ್ನದ ಮೇಲೆ ಬಾಡಿಸಿದ ಬಾಳೆ ಎಲೆಯ ತುಂಡು ಮುಚ್ಚಿ, ಅದರ ಮೇಲೆ ಬಿಗಿಯಾಗಿ ಮುಚ್ಚಳ ಹಾಕಿ. ಹಬೆ ಒಳಗೇ ಸುತ್ತಬೇಕು. ಅಲ್ಲಿ ಬಹಳ ಜನ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ, ಅದನ್ನು ನಾವು ಕಲಿಯುವುದು ಬೇಡ. ಹನ್ನೆರಡು ನಿಮಿಷ ಬಿಟ್ಟು ಒಲೆ ಆರಿಸಿ, ಇನ್ನೂ ಹತ್ತು ನಿಮಿಷ ಹಾಗೇ ಬಿಡಿ. ಮುಚ್ಚಳ ತೆಗೆದಾಗ ಕಾಳೆಲ್ಲಾ ಮೇಲೆ ಬಂದು ಕೂತಿರುತ್ತದೆ. ಚಪ್ಪಟೆ ಸೌಟಿನಿಂದ ಅಂಚಿನ ಕಡೆಯಿಂದ ಮೆಲ್ಲಗೆ ಮಗುಚಿ.

ಶಿಟೊ, ಅಂದರೆ ಕಪ್ಪು ಖಾರ

ಅನ್ನಕ್ಕಿಂತ ಇದಕ್ಕೆ ಹೆಚ್ಚು ತಾಳ್ಮೆ ಬೇಕು. ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಒಣ ಮೀನು, ಒಣ ಸೀಗಡಿ, ಶುಂಠಿ, ಮೆಣಸಿನ ಪುಡಿ ಎಲ್ಲಾ ಎಣ್ಣೆಯಲ್ಲಿ ಹುರಿದು ಹುರಿದು ಕಪ್ಪಾಗಿಸಿದ ಖಾರ ಇದು. ನಮ್ಮಲ್ಲಿ ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಚಟ್ನಿಪುಡಿ ಕಟ್ಟಿಕೊಡುವ ಹಾಗೆ ಘಾನಾದಲ್ಲಿ ಶಿಟೊ ಬಾಟಲಿ ಕಟ್ಟಿಕೊಡುತ್ತಾರೆ.

ಎರಡು ದೊಡ್ಡ ಈರುಳ್ಳಿ, ಎರಡಿಂಚು ಶುಂಠಿ, ಎಂಟು ಎಸಳು ಬೆಳ್ಳುಳ್ಳಿಯನ್ನು ನೀರು ಹಾಕದೆ ರುಬ್ಬಿ. ಒಂದು ಲೋಟ ಎಣ್ಣೆ ಕಾಯಿಸಿ, ರುಬ್ಬಿದ್ದನ್ನು ಹಾಕಿ ಮಧ್ಯಮ ಉರಿಯಲ್ಲಿ ಹುರಿಯಿರಿ. ಒಂದು ಲೋಟವಾ ಅಂತ ಹೆದರಬೇಡಿ, ಅದು ಕೆಡದೆ ಉಳಿಯುವುದೇ ಎಣ್ಣೆಯಿಂದ. ನೀರಿನಂಶ ಹೋಗಿ ಚಟಪಟ ಸದ್ದು ಕಡಿಮೆಯಾದ ಮೇಲೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ, ಅದು ಕೆಂಪಿನಿಂದ ಕಂದಿಗೆ ತಿರುಗುವ ತನಕ ಕೈಯಾಡಿಸಿ. ಆಮೇಲೆ ಒಣ ಸೀಗಡಿ ಪುಡಿ ಅರ್ಧ ಲೋಟ, ಒಣ ಮೀನಿನ ಪುಡಿ ಅರ್ಧ ಲೋಟ, ಖಾರದ ಪುಡಿ ಮೂರು ಚಮಚ. ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ, ಒಣ ಮೀನಿನಲ್ಲೇ ಬೇಕಾದಷ್ಟು ಇರುತ್ತದೆ. ಕರಾವಳಿಯವರಿಗೆ ಈ ಸಾಮಾನು ಹೊಸದಲ್ಲ, ಮಳೆಗಾಲಕ್ಕೆ ಮನೆಯಲ್ಲೇ ಇಟ್ಟಿರುತ್ತೀರಿ. ಹುರಿದು, ತಲೆ-ಕಾಲು ಉದುರಿಸಿ ಪುಡಿ ಮಾಡಿಕೊಳ್ಳಿ.

ಈಗ ಉರಿ ಸಣ್ಣ ಮಾಡಿ ಅರ್ಧ ಗಂಟೆ. ಬಿಟ್ಟು ಹೋಗಬೇಡಿ, ತಳ ಹಿಡಿಯುತ್ತದೆ. ಕಪ್ಪು ಅಂದರೆ ಹುರಿದ ಕಪ್ಪು, ಸೀದ ಕಪ್ಪಲ್ಲ. ಸೀದರೆ ಕಹಿ, ಆಮೇಲೆ ಏನು ಮಾಡಿದರೂ ಸರಿಹೋಗಲ್ಲ. ಕಾಫಿ ಪುಡಿಯ ಬಣ್ಣ ಬಂದು ಎಣ್ಣೆ ಮೇಲೆ ತೇಲಿದಾಗ ಇಳಿಸಿ. ಕಿಟಕಿ ಎಲ್ಲಾ ತೆರೆದಿಟ್ಟು ಮಾಡಿ, ಅಪಾರ್ಟ್‌ಮೆಂಟಿನವರಾದರೆ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಮೀನು ತಿನ್ನದವರು ಒಣ ಅಣಬೆಯನ್ನು ಹುರಿದು ಪುಡಿ ಮಾಡಿ ಹಾಕಿ. ಅದೇ ರುಚಿ ಅಂತ ಹೇಳಲಾರೆ, ಆದರೆ ಆ ಆಳವಾದ ರುಚಿಗೆ ಹತ್ತಿರ ಬರುವುದು ಅದೊಂದೇ.

ಕೆಂಪು ಸಾರು, ಮತ್ತೆ ಉಳಿದದ್ದು

ಅಲ್ಲಿ ಇದಕ್ಕೆ ಸ್ಟ್ಯೂ ಅಂತಾರೆ, ನಮ್ಮ ಲೆಕ್ಕದಲ್ಲಿ ಗಟ್ಟಿ ಟೊಮೆಟೊ ಗೊಜ್ಜು. ನಿಮಗೆ ಹೇಳಿಕೊಡಬೇಕಾಗಿಲ್ಲ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಆರು ಟೊಮೆಟೊ ರುಬ್ಬಿ ಹಾಕಿ, ಎಣ್ಣೆ ಬಿಡುವ ತನಕ ಕುದಿಸಿ. ಖಾರಕ್ಕೆ ಅಲ್ಲಿ ಗುಂಡಗಿನ ಘಾಟು ಮೆಣಸಿನಕಾಯಿ, ಇಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸಿ. ಒಂದು ಚೂರು ಜಾಯಿಕಾಯಿ ತುರಿದರೆ ಅಲ್ಲಿನ ಘಮ ಬರುತ್ತದೆ. ಕೊತ್ತಂಬರಿ ಸೊಪ್ಪು, ಗರಂ ಮಸಾಲೆ ಬೇಡ. ಮೊಟ್ಟೆ, ಕರಿದ ಮೀನು, ಮಟನ್ ಯಾವುದಿದ್ದರೂ ಇದರಲ್ಲೇ ಹಾಕಿ ಹತ್ತು ನಿಮಿಷ ಬಿಡಿ. ಘಾನಾದಲ್ಲಿ ವೆಲೆ ಅಂತ ದನದ ಚರ್ಮವನ್ನು ಮೆತ್ತಗೆ ಬೇಯಿಸಿ ಹಾಕುವುದೂ ಉಂಟು.

ಜೊತೆಗೆ ಇನ್ನೇನು? ಬೇಯಿಸಿದ ಮೊಟ್ಟೆ ಒಂದು ಇರಲೇಬೇಕು. ಕಪ್ಪು ಚುಕ್ಕೆ ಬಿದ್ದ ನೇಂದ್ರ ಬಾಳೆಹಣ್ಣನ್ನು ಓರೆಯಾಗಿ ಕತ್ತರಿಸಿ ಕರಿದರೆ ಖಾರದ ನಡುವೆ ಸಿಹಿ ಸಿಗುತ್ತದೆ, ಇದನ್ನು ಮಾತ್ರ ತಪ್ಪಿಸಬೇಡಿ. ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್. ಆಮೇಲೆ ತಾಲಿಯಾ, ಅಂದರೆ ಸುಮ್ನೆ ಉಪ್ಪು ನೀರಿನಲ್ಲಿ ಬೇಯಿಸಿದ ಸ್ಪಾಗೆಟ್ಟಿ. ಅನ್ನದ ಮೇಲೆ ನೂಡಲ್ಸಾ ಅಂತ ಕೇಳಬೇಡಿ, ಸಾರು ಹೀರಿಕೊಂಡ ಆ ಎಳೆಗಳಿಗೆ ಅವುಗಳದ್ದೇ ರುಚಿ. ಗರಿ ಅಂತ ಇನ್ನೊಂದು, ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ ಹುರಿದ ರವೆ. ಆಫ್ರಿಕನ್ ಅಂಗಡಿ ಹತ್ತಿರ ಇದ್ದರೆ ತನ್ನಿ, ಇಲ್ಲದಿದ್ದರೆ ಬಿಡಿ. ಬದಲಿಗೆ ನಮ್ಮ ಯಾವುದೋ ರವೆ ಹಾಕುವುದರಲ್ಲಿ ಅರ್ಥವಿಲ್ಲ.

ಬಡಿಸುವಾಗ ಮೊದಲು ವಾಚೆ, ಅದರ ಮೇಲೆ ಸಾರು, ಪಕ್ಕದಲ್ಲಿ ಒಂದು ಚಮಚ ಶಿಟೊ, ಸುತ್ತ ಉಳಿದದ್ದು. ಅಲ್ಲಿ ಗಾಡಿಯ ಮುಂದೆ ನಿಂತು ಇಷ್ಟು ದುಡ್ಡಿನ ಅನ್ನ, ಇಷ್ಟು ದುಡ್ಡಿನ ತಾಲಿಯಾ, ಒಂದು ಮೊಟ್ಟೆ ಅಂತ ಬಿಡಿ ಬಿಡಿಯಾಗಿ ಹೇಳಿ ಹಾಕಿಸಿಕೊಳ್ಳುತ್ತಾರೆ. ಕಟ್ಟಿಕೊಡುವುದು ಅಗಲವಾದ ಒಂದು ಕಾಡು ಎಲೆಯಲ್ಲಿ. ಆ ಗಿಡದ ಹಣ್ಣಿನಲ್ಲಿ ಸಕ್ಕರೆಗಿಂತ ಸುಮಾರು 2000 ಪಟ್ಟು ಸಿಹಿಯಾದ ಥೌಮಾಟಿನ್ ಅನ್ನೋ ಪ್ರೋಟೀನ್ ಇದೆ, ಎಲೆಗೆ ಮಾತ್ರ ಆ ಸಿಹಿ ಇಲ್ಲ, ಬಿಸಿ ಅನ್ನಕ್ಕೆ ಹಸಿರು ವಾಸನೆ ಕೊಡುತ್ತದೆ. ನಮಗೆ ಬಾಳೆ ಎಲೆ, ಮುತ್ತುಗದ ಎಲೆ ಇದೆ. ಬಲಗೈಯಲ್ಲಿ ಕಲಸಿಯೇ ತಿನ್ನಿ, ಚಮಚದಲ್ಲಿ ತಿಂದರೆ ಎಲ್ಲಾ ಬೇರೆ ಬೇರೆಯಾಗಿಯೇ ಉಳಿಯುತ್ತದೆ.

ಮಿಕ್ಕಿದ ವಾಚೆಯನ್ನು ಬೆಳಿಗ್ಗೆಯಿಂದ ಸಂಜೆ ತನಕ ಹೊರಗೆ ಇಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಕಾಳು ಸೇರಿದ ಅನ್ನ ಬೇಗ ಹಳಸುತ್ತದೆ ಕೂಡ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಖಾಲಿ ಮಾಡಿ. ಬಿಸಿ ಮಾಡುವಾಗ ಎತ್ತಿಟ್ಟ ಕೆಂಪು ನೀರಿದ್ದರೆ ಎರಡು ಚಮಚ ಚಿಮುಕಿಸಿ ಹಬೆಯಲ್ಲಿಡಿ. ಅದನ್ನೂ ಫ್ರಿಜ್ಜಿನಲ್ಲೇ ಇಟ್ಟಿರಬೇಕು. ಶಿಟೊಗೆ ಇಷ್ಟೆಲ್ಲಾ ಉಪಚಾರ ಬೇಡ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತದೆ, ಒದ್ದೆ ಚಮಚ ಮಾತ್ರ ಹಾಕಬೇಡಿ.